ಕೋಚ್ ಹೊರಟ ಮೇಲೆ ಉಳಿಯುವ ಬಾಕಿ

(ಪಶ್ಚಿಮ ಸಿಡ್ನಿಯ ಕನ್ನಡಿಗರು ಸೇರಿದ್ದ ಒಂದು ಭಾನುವಾರದ ಕೂಟದಲ್ಲಿ ಆಡಿದ ಮಾತಿನ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವ ದೊಡ್ಡವರಲ್ಲಿ ಮುಕ್ಕಾಲು ಪಾಲು ಜನ ಕ್ರಿಕೆಟ್‌ನವರು ಅಂತ ಗೊತ್ತು. ರಗ್ಬಿ ಲೀಗ್ ನಮ್ಮ ಮನೆಗಳೊಳಗೆ ಬಂದಿದ್ದು ಮಕ್ಕಳ ಹಿಂದೆ. ಪೆನ್ರಿತ್ ಕಡೆ ಮನೆ ಮಾಡಿದವರ ಮಕ್ಕಳು ಪೆನ್ರಿತ್ ಕ್ಲಬ್ಬಾದ ಪ್ಯಾಂಥರ್ಸ್ ಅಭಿಮಾನಿಗಳು. ವೆಸ್ಟ್‌ಮೀಡ್, ಪ್ಯಾರಮ್ಯಾಟ ಕಡೆಯವರು ಪ್ಯಾರಮ್ಯಾಟ ಕ್ಲಬ್ಬಾದ ಈಲ್ಸ್. ಕ್ಯಾಂಬೆಲ್‌ಟೌನ್‌ನಲ್ಲಿ ಮನೆ ಕೊಂಡವರ ಮಕ್ಕಳು, ಪಾಪ, ವೆಸ್ಟ್ಸ್ ಟೈಗರ್ಸ್. ಈ ‘ಪಾಪ’ ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಆಟ ತಿಳಿಯದವರಿಗೆ ಎರಡೇ ಮಾತು. ಒಂದೊಂದು ಕಡೆ 13 ಜನ. ಚೆಂಡು ಸಿಕ್ಕರೆ ಆರು ಟ್ಯಾಕಲ್, ಅಂದರೆ ಆರು ಸಲ ನಿಮ್ಮನ್ನು ಹಿಡಿದು ನಿಲ್ಲಿಸುವುದು, ಮುಗಿಯುವ ತನಕ ಅದು ನಿಮ್ಮದು, ಆಮೇಲೆ ಎದುರಾಳಿಗೆ ಕೊಡಬೇಕು. ಈ ಆಟ ಹುಟ್ಟಿದ್ದು 1895ರಲ್ಲಿ, ಉತ್ತರ ಇಂಗ್ಲೆಂಡಿನ ಹಡರ್ಸ್‌ಫೀಲ್ಡ್‌ನ ಒಂದು ಹೋಟೆಲಿನಲ್ಲಿ ಕ್ಲಬ್ಬುಗಳು ಸೇರಿ ರಗ್ಬಿ ಯೂನಿಯನ್ ಬಿಟ್ಟು ಬಂದಾಗ. ಗಣಿ, ಗಿರಣಿಯ ಕೆಲಸಗಾರರು ಶನಿವಾರ ಆಡಲು ಹೋದರೆ ಕೂಲಿ ತಪ್ಪುತ್ತಿತ್ತು. ಆ ಕೂಲಿ ಕಟ್ಟಿಕೊಡಿ ಅಂದರು, ಮೇಲಿನವರು ಒಪ್ಪಲಿಲ್ಲ. ನಮಗೆ ಬರಬೇಕಾದ್ದು ಬಂದಿಲ್ಲ ಅನ್ನುವ ಸಿಟ್ಟು ಈ ಆಟದಲ್ಲಿ ಅವತ್ತಿಂದಲೂ ಇದೆ. ಇವತ್ತು ನಾನು ಹೇಳಹೊರಟಿರುವುದೂ ಅದೇ ಸಿಟ್ಟಿನ ಬಗ್ಗೆ. ಆದರೆ ಆಟಗಾರರದಲ್ಲ, ಅಭಿಮಾನಿಗಳದು. ಕೋಚ್ ಬಿಟ್ಟು ಹೋದಾಗ ಅವರು ಯಾಕೆ ಅಷ್ಟು ಕೊತಕೊತ ಕುದಿಯುತ್ತಾರೆ?

ಹೊರಗಿನಿಂದ ನೋಡುವವರಿಗೆ ಇದು ಅತಿ ಅನ್ನಿಸುತ್ತದೆ. ಸಂಬಳದ ಮನುಷ್ಯ, ಬೇರೆ ಕಡೆ ಕೆಲಸ ಸಿಕ್ಕಿತು, ಹೋದ. ನಾವೂ ಹಾಗೇ ಕಂಪನಿ ಬದಲಾಯಿಸಿ ಇಲ್ಲಿಗೆ ಬಂದವರಲ್ವಾ? ಆದರೆ 2017ರ ಜೂನ್ ನೆನಪು ಮಾಡಿಕೊಳ್ಳಿ. ಚಾಂಪಿಯನ್ಸ್ ಟ್ರೋಫಿ ಫೈನಲ್ ಸೋತ ಎರಡೇ ದಿನಕ್ಕೆ ಅನಿಲ್ ಕುಂಬ್ಳೆ ಭಾರತ ತಂಡದ ಕೋಚ್ ಹುದ್ದೆ ಬಿಟ್ಟರು. ನಾಯಕನಿಗೆ ತಮ್ಮ ಶೈಲಿ ಹಿಡಿಸಿಲ್ಲ ಅನ್ನುವುದು ಹಿಂದಿನ ದಿನವಷ್ಟೇ ತಮಗೆ ತಿಳಿಯಿತು ಎಂದು ಬರೆದರು. ಅವತ್ತು ನಮ್ಮ ವಾಟ್ಸಾಪ್ ಗುಂಪುಗಳು ಹೊತ್ತಿ ಉರಿದದ್ದು ಕೋಚ್ ಬದಲಾದರು ಅಂತಲ್ಲ. ಅಂಥ ಮನುಷ್ಯನನ್ನು ಹಾಗೆ ಕಳಿಸುವುದಾ ಅಂತ. ಅದು ಹತ್ತೂರು ಸುತ್ತಿ ಆಡುವ ರಾಷ್ಟ್ರೀಯ ತಂಡ. ಈಗ ಅದನ್ನೇ ನಿಮ್ಮ ಬಡಾವಣೆಯ ಟೀಮಿಗೆ, ವಾರವಾರದ ಆಟಕ್ಕೆ ಹೊಂದಿಸಿ ನೋಡಿ.

ಲೀಗ್‌ನಲ್ಲಿ ಕೋಚ್ ಅಷ್ಟು ದೊಡ್ಡವನಾಗಲು ಒಂದು ನೇರ ಕಾರಣ ಇದೆ: ದುಡ್ಡು. ಆಟಗಾರರ ಸಂಬಳಕ್ಕೆ ಎಲ್ಲ ಕ್ಲಬ್ಬಿಗೂ ಒಂದೇ ಮಿತಿ, ಸ್ಯಾಲರಿ ಕ್ಯಾಪ್. ಆಸ್ಟ್ರೇಲಿಯಾದಲ್ಲಿ ಇದು 1990ರಿಂದ ಇದೆ. ಹತ್ತು ಸ್ಟಾರ್‌ಗಳನ್ನು ಕೊಂಡು ಕಪ್ ಗೆಲ್ಲುವುದು ಇಲ್ಲಿ ಆಗದ ಮಾತು. ಮೇಲಾಗಿ ಆಟಗಾರರು ನಿಲ್ಲುವುದಿಲ್ಲ. ಒಪ್ಪಂದದ ಕೊನೆಯ ವರ್ಷಕ್ಕೆ ಕಾಲಿಡುವ ಆಟಗಾರ ಅದರ ಹಿಂದಿನ ನವೆಂಬರ್ 1ರಿಂದಲೇ ಬೇರೆ ಕ್ಲಬ್ಬಿನ ಜೊತೆ ಮಾತಾಡಬಹುದು. ಸಹಿ ಹಾಕಿದ ಮೇಲೂ ಒಂದಿಡೀ ಸೀಸನ್ ನಿಮ್ಮ ಜೆರ್ಸಿ ಹಾಕಿಕೊಂಡೇ ಓಡುತ್ತಾನೆ. ಹೀಗಿರುವಾಗ ಅಭಿಮಾನಿ ಯಾರನ್ನು ನಂಬಬೇಕು? ಹುಡುಗರು ಬರುತ್ತಾರೆ, ಹೋಗುತ್ತಾರೆ. ಮೇಲೆ ಗಾಜಿನ ಪೆಟ್ಟಿಗೆಯಲ್ಲಿ ಕೂತ ಮನುಷ್ಯನ ಹತ್ತಿರ ಏನೋ ಯೋಜನೆ ಇದೆ ಅಂತ ನಂಬುತ್ತಾನೆ.

ಆ ಗಾಜಿನ ಪೆಟ್ಟಿಗೆ ನೋಡಿದ್ದೀರಲ್ಲ? ಫುಟ್‌ಬಾಲ್ ಕೋಚ್ ಗೆರೆ ಪಕ್ಕದಲ್ಲೇ ನಿಂತು ಕೂಗಾಡುತ್ತಾನೆ. ಲೀಗ್ ಕೋಚ್ ಸ್ಟ್ಯಾಂಡಿನ ಮೇಲ್ತುದಿಯಲ್ಲಿ, ಲ್ಯಾಪ್‌ಟಾಪ್‌ಗಳ ಮುಂದೆ ಕೂರುತ್ತಾನೆ. ಅವನ ಮಾತನ್ನು ಮೈದಾನಕ್ಕೆ ಹೊತ್ತು ಓಡುವವರು ಬಣ್ಣದ ಅಂಗಿಯ ಟ್ರೈನರ್‌ಗಳು. ನೀರು ಕುಡಿಸುವ ನೆಪ ಅಷ್ಟೆ, ಕೊಡುವುದು ಸಂದೇಶ. ಹುಡುಗನೊಬ್ಬ ಚೆಂಡು ಕೈಬಿಟ್ಟ ಮರುಕ್ಷಣ ಟಿವಿಯವರು ಕ್ಯಾಮೆರಾವನ್ನು ಆ ಪೆಟ್ಟಿಗೆಗೆ ತಿರುಗಿಸುತ್ತಾರೆ. ಕೋಚ್ ತಲೆ ಹಿಡಿದುಕೊಂಡಿರುತ್ತಾನೆ, ಇಲ್ಲ ನೀರಿನ ಬಾಟಲಿ ಎಸೆಯುತ್ತಿರುತ್ತಾನೆ. ಮನೆಯ ಸೋಫಾದ ಮೇಲೆ ನೀವೂ ಅದನ್ನೇ ಮಾಡುತ್ತಿರುತ್ತೀರಿ. ನಿಮ್ಮ ಹಾಗೇ ಕೈಕಟ್ಟಿ ಕೂತು ಒದ್ದಾಡುವವನು ಆ ಇಡೀ ಸ್ಟೇಡಿಯಂನಲ್ಲಿ ಅವನೊಬ್ಬನೇ. ಈ ನಂಟು ಬೆಳೆಯುವುದು ಅಲ್ಲಿಂದ.

ಅವನು ಕ್ಲಬ್ಬಿಗೆ ಬಂದ ದಿನ ಕೇಳುವುದು ಒಂದೇ: ಟೈಮ್ ಕೊಡಿ. ಹಳಬರನ್ನು ಕಳಿಸಬೇಕು, ಚಿಕ್ಕ ಹುಡುಗರನ್ನು ಬೆಳೆಸಬೇಕು, ಎರಡು ಮೂರು ವರ್ಷ ಬೇಕು. ಅಭಿಮಾನಿ ಕೊಡುತ್ತಾನೆ. ಆ ಎರಡು ವರ್ಷವೂ ಮೆಂಬರ್‌ಶಿಪ್ ಕಟ್ಟುತ್ತಾನೆ, ಚಳಿಯಲ್ಲಿ ಕೂತು ನಲವತ್ತು ಪಾಯಿಂಟಿನ ಸೋಲು ನೋಡುತ್ತಾನೆ, ಸೋಮವಾರ ಆಫೀಸಿನಲ್ಲಿ ಗೇಲಿ ಮಾಡಿಸಿಕೊಳ್ಳುತ್ತಾನೆ. ನನ್ನ ಲೆಕ್ಕದಲ್ಲಿ ಇದು ಕೈಸಾಲ. ಪತ್ರ ಇಲ್ಲ, ಬಡ್ಡಿ ಇಲ್ಲ, ಬಾಯಿಮಾತಿನ ಮೇಲೆ ಕೊಟ್ಟ ಸಾಲ. ಕೋಚ್ ಹೊರಟಾಗ ಏಳುವ ಗದ್ದಲವೆಲ್ಲ ಇದರ ವಸೂಲಿಯ ಗದ್ದಲ. ಸೋಲು ಗೆಲುವು ಅದರ ಒಂದು ಭಾಗ ಮಾತ್ರ.

ಈಗ ಟೈಗರ್ಸ್ ಕಥೆಗೆ ಬರುತ್ತೇನೆ. ಇದನ್ನು ಸ್ವಲ್ಪ ಉದ್ದಕ್ಕೆ ಹೇಳಬೇಕು.

ವೆಸ್ಟ್ಸ್ ಟೈಗರ್ಸ್ ಎರಡು ಹಳೇ ಕ್ಲಬ್ಬುಗಳ ಕೂಡಿಕೆ. ಒಳ ಸಿಡ್ನಿಯ ಬಾಲ್ಮೇನ್, ಹೊರಗಿನ ವೆಸ್ಟರ್ನ್ ಸಬರ್ಬ್ಸ್. 2000ದಿಂದ ಒಟ್ಟಿಗೆ ಆಡುತ್ತಿವೆ. ಒಂದು ಕಾಲು ಲೈಕಾರ್ಟ್ ಓವಲ್‌ನಲ್ಲಿ, ಇನ್ನೊಂದು ಕಾಲು ಕ್ಯಾಂಬೆಲ್‌ಟೌನ್‌ನಲ್ಲಿ. ಲೈಕಾರ್ಟ್‌ನಲ್ಲಿ ವೇಯ್ನ್ ಪಿಯರ್ಸ್ ಹೆಸರಿನ ಹುಲ್ಲಿನ ದಿಬ್ಬ ಇದೆ. ಕಂಬಳಿ ಹಾಸಿ, ಮಕ್ಕಳನ್ನು ಕೂರಿಸಿಕೊಂಡು ಆಟ ನೋಡುವ ಜಾಗ. 2005ರಲ್ಲಿ ಟಿಮ್ ಶೀನ್ಸ್ ಕೋಚ್ ಆಗಿದ್ದಾಗ ಪ್ರೀಮಿಯರ್‌ಶಿಪ್, ಅಂದರೆ ಇಲ್ಲಿನ ಲೀಗ್‌ನ ವರ್ಷದ ಕಪ್, ಗೆದ್ದರು, ಅದೇ ಮೊದಲು, ಇವತ್ತಿಗೂ ಅದೊಂದೇ. 2011ರ ನಂತರ ಫೈನಲ್ಸ್ ಹಂತದ, ಅಂದರೆ ಸೀಸನ್ ಕೊನೆಯ ನಾಕೌಟ್ ಪಂದ್ಯಗಳ, ಮುಖವನ್ನೇ ನೋಡದೆ ವರ್ಷಗಟ್ಟಲೆ ಕಳೆದರು.

2017ರ ಸೀಸನ್ ಶುರುವಾಗಿ ಮೂರು ಪಂದ್ಯ ಆಗುತ್ತಲೇ ಕೋಚ್ ಜೇಸನ್ ಟೇಲರ್ ಅವರನ್ನು ತೆಗೆದರು. ಬಂದವರು ಐವನ್ ಕ್ಲೀರಿ. ಆಗ ಕ್ಲಬ್ಬಿನ ನಾಲ್ಕು ದೊಡ್ಡ ಹುಡುಗರ ಒಪ್ಪಂದ ಒಂದೇ ಸಲ ಮುಗಿಯುತ್ತಿತ್ತು: ಜೇಮ್ಸ್ ಟೆಡೆಸ್ಕೋ, ಆರನ್ ವುಡ್ಸ್, ಮಿಚೆಲ್ ಮೋಸೆಸ್, ಲೂಕ್ ಬ್ರೂಕ್ಸ್. ಕ್ಲೀರಿ ಬಸ್ಸಿನ ಮಾತಾಡಿದರು. ಈ ಬಸ್ಸು ಒಂದು ಕಡೆ ಹೊರಟಿದೆ, ನೀವು ಹತ್ತುತ್ತೀರೋ ಇಲ್ಲವೋ ಹೇಳಿಬಿಡಿ ಅನ್ನುವ ಅರ್ಥದ್ದು. ಮೂವರು ಹತ್ತಲಿಲ್ಲ. ಮೋಸೆಸ್ ಸೀಸನ್ ನಡುವೆಯೇ ಪ್ಯಾರಮ್ಯಾಟಕ್ಕೆ ಹೋದ. ವುಡ್ಸ್ ಬುಲ್‌ಡಾಗ್ಸ್‌ಗೆ, ಟೆಡೆಸ್ಕೋ ರೂಸ್ಟರ್ಸ್‌ಗೆ. ಬ್ರೂಕ್ಸ್ ಒಬ್ಬ ಉಳಿದ.

ಅಭಿಮಾನಿಗಳು ಅದನ್ನೂ ನುಂಗಿಕೊಂಡರು. ಊರಿನ ಹುಡುಗರು ಹೋದರೆ ಹೋಗಲಿ, ಡ್ರೈವರ್ ಗಟ್ಟಿಗ ಇದ್ದಾನೆ ಅಂದರು. ಬಸ್ಸು ಅನ್ನುವುದು ಘೋಷಣೆಯೇ ಆಗಿಹೋಯಿತು. 2018ರ ಮೊದಲ ಎರಡು ವಾರದಲ್ಲಿ ರೂಸ್ಟರ್ಸ್, ಮೆಲ್ಬರ್ನ್ ಎರಡನ್ನೂ ಸೋಲಿಸಿದರು. ಆ ವರ್ಷ ಕೊನೆಗೆ ಗ್ರ್ಯಾಂಡ್ ಫೈನಲ್, ಅಂದರೆ ಕಪ್ಪಿನ ಕೊನೇ ಪಂದ್ಯ, ಆಡಿದ್ದು ಅದೇ ಎರಡು ತಂಡಗಳು, ನೋಡಿ. ಟೈಗರ್ಸ್ ಮಾತ್ರ ಒಂಬತ್ತನೇ ಸ್ಥಾನಕ್ಕೆ ನಿಂತರು. ಎಂಟರೊಳಗೆ ಬಂದರೆ ಫೈನಲ್ಸ್.

ಇತ್ತ ಆ ಆಗಸ್ಟ್‌ನಲ್ಲಿ ಪೆನ್ರಿತ್‌ನವರು ತಮ್ಮ ಕೋಚ್ ಆಂಥನಿ ಗ್ರಿಫಿನ್ ಅವರನ್ನು ತೆಗೆದರು. ಫೈನಲ್ಸ್‌ಗೆ ಹೋಗಲು ಕೆಲವೇ ವಾರ ಇತ್ತು, ತಂಡವೂ ಚೆನ್ನಾಗಿಯೇ ಆಡುತ್ತಿತ್ತು! ಅವರ ಹಾಫ್‌ಬ್ಯಾಕ್, ಅಂದರೆ ಮೈದಾನದಲ್ಲಿ ಆಟ ನಡೆಸುವವನು, ಯಾರು? ನೇಥನ್ ಕ್ಲೀರಿ. ಐವನ್ ಕ್ಲೀರಿಯ ಮಗ. ಕೇಳಿದವರಿಗೆಲ್ಲ ಅರ್ಥವಾಯಿತು. ಆಗಸ್ಟ್‌ನಿಂದ ಅಕ್ಟೋಬರ್ ತನಕ ಹೋಗ್ತಾರೆ, ಹೋಗಲ್ಲ, ಹೋಗ್ತಾರೆ ಅನ್ನುವುದೇ ದಿನದ ಸುದ್ದಿ. ಒಪ್ಪಂದ ಇನ್ನೂ ಬಾಕಿ ಇತ್ತು. ಅಕ್ಟೋಬರ್ ಕೊನೆಗೆ ಬಿಡುಗಡೆ ಪಡೆದು ಪೆನ್ರಿತ್‌ಗೆ ಐದು ವರ್ಷದ ಸಹಿ ಹಾಕಿದರು. ಡ್ರೈವರೇ ಬಸ್ಸಿಂದ ಇಳಿದುಹೋದ ಅಂತ ಊರೆಲ್ಲ ಆಡಿಕೊಂಡಿತು.

ಮಗನಿಗೆ ಕೋಚ್ ಆಗುವ ಆಸೆ ಯಾವ ಅಪ್ಪನಿಗೆ ಇರಲ್ಲ ಹೇಳಿ. ಇನ್ನೂ ಒಂದು ವಿಷಯ ಇದೆ. ಇದೇ ಪೆನ್ರಿತ್ 2015ರಲ್ಲಿ ಇದೇ ಐವನ್ ಅವರನ್ನು ಕೋಚ್ ಹುದ್ದೆಯಿಂದ ತೆಗೆದಿತ್ತು. ಆಗ ಕ್ಲಬ್ಬನ್ನು ನಡೆಸುತ್ತಿದ್ದ ಫಿಲ್ ಗೂಲ್ಡ್, ಇವರು ದಣಿದಂತೆ ಕಾಣುತ್ತಾರೆ ಎಂದಿದ್ದರು. ಮರುವರ್ಷ ಮಗ ಅದೇ ಕ್ಲಬ್ಬಿಗೆ ಮೊದಲ ಪಂದ್ಯ ಆಡಿದ. ಅಪ್ಪ ಬೆಳೆಸಿದ ಕ್ಲಬ್ಬಿನಲ್ಲಿ ಮಗ ಆಡುವಾಗ ಅಪ್ಪ ಇಲ್ಲ. ಮನುಷ್ಯನಾಗಿ ನನಗೆ ಐವನ್ ಕ್ಲೀರಿ ಪೂರ್ತಿ ಅರ್ಥವಾಗುತ್ತಾರೆ. ಆದರೂ ಟೈಗರ್ಸ್ ಅಭಿಮಾನಿಯ ಕಡೆಗೇ ನನ್ನ ಓಟು. ಯಾಕೆಂದರೆ ಬಸ್ ಹತ್ತಿ ಅಂತ ಕೇಳಿದ್ದು ಕ್ಲೀರಿಯೇ. ಅವರು ಕೇಳಿದರು ಅಂತಲೇ ಜನ ಟೆಡೆಸ್ಕೋನನ್ನು ಬಿಟ್ಟುಕೊಟ್ಟರು. ಟೆಡೆಸ್ಕೋ ರೂಸ್ಟರ್ಸ್ ಜೊತೆ 2018, 2019 ಎರಡೂ ವರ್ಷ ಪ್ರೀಮಿಯರ್‌ಶಿಪ್ ಗೆದ್ದ. ಬಸ್ಸಿನಲ್ಲೇ ಉಳಿದ ಬ್ರೂಕ್ಸ್ 2013ರಿಂದ 2023ರ ತನಕ ಟೈಗರ್ಸ್‌ಗೆ ಆಡಿ ಒಂದೇ ಒಂದು ಫೈನಲ್ಸ್ ಪಂದ್ಯ ಕಾಣದೆ ಹೋದ. ಮರುವರ್ಷವೇ ಮ್ಯಾನ್ಲಿಯಲ್ಲಿ ಫೈನಲ್ಸ್ ಆಡಿದ.

ಮುಂದಿನದು ನಿಮ್ಮ ಮಕ್ಕಳಿಗೇ ಬಾಯಿಪಾಠ. 2019ರಲ್ಲಿ ಪೆನ್ರಿತ್ ಹತ್ತನೇ ಸ್ಥಾನ. 2020ರಲ್ಲಿ ಗ್ರ್ಯಾಂಡ್ ಫೈನಲ್ ಸೋಲು. ಆಮೇಲೆ 2021, 2022, 2023, 2024, ಸತತ ನಾಲ್ಕು ಪ್ರೀಮಿಯರ್‌ಶಿಪ್. ಟೈಗರ್ಸ್? 2022, 2023, 2024, ಸತತ ಮೂರು ಸಲ ಕೊನೇ ಸ್ಥಾನ. ವುಡನ್ ಸ್ಪೂನ್ ಅಂತಾರಲ್ಲ, ಅದು. ಎರಡು ಕ್ಲಬ್ಬಿನ ಮೈದಾನಗಳ ನಡುವೆ ಕಾರಿನಲ್ಲಿ ಒಂದು ಗಂಟೆ ದಾರಿ. ಈಗ ‘ಪಾಪ’ ಅಂದಿದ್ದು ಯಾಕೆ ಅಂತ ಗೊತ್ತಾಯಿತಲ್ಲ.

ಕ್ಲೀರಿ ಜಾಗಕ್ಕೆ ಬಂದವರು ಮೈಕಲ್ ಮಗ್ವಾಯರ್. ಅವರನ್ನು ಟೈಗರ್ಸ್‌ನವರು 2022ರ ಜೂನ್‌ನಲ್ಲಿ ಮನೆಗೆ ಕಳಿಸಿದರು. 2025ರಲ್ಲಿ ಅವರು ಬ್ರಿಸ್ಬೇನ್ ಬ್ರಾಂಕೋಸ್‌ಗೆ ಪ್ರೀಮಿಯರ್‌ಶಿಪ್ ಗೆದ್ದುಕೊಟ್ಟರು. ಅಲ್ಲಿಗೆ ಟೈಗರ್ಸ್ ಕೈಬಿಟ್ಟುಹೋದ ಇಬ್ಬರು ಕೋಚ್‌ಗಳು ಬೇರೆ ಕಡೆ ಗೆದ್ದದ್ದು ಐದು ಕಪ್. ಇದನ್ನು ಕೇಳಿ ನಗಬೇಡಿ, ಹಿಂದಿನ ಸಾಲಿನಲ್ಲಿ ಒಬ್ಬರು ಕಿತ್ತಳೆ ಕಪ್ಪು ಜೆರ್ಸಿ ಹಾಕಿಕೊಂಡು ಕೂತಿದ್ದಾರೆ.

ಬ್ರಿಸ್ಬೇನ್ ಅಂದ ಕೂಡಲೇ ವೇಯ್ನ್ ಬೆನೆಟ್. ಪತ್ರಕರ್ತರು ಉದ್ದುದ್ದ ಪ್ರಶ್ನೆ ಕೇಳಿದರೆ ಹೂಂ, ಉಹುಂನಲ್ಲಿ ಮುಗಿಸುವ ಮನುಷ್ಯ. 1988ರಲ್ಲಿ ಬ್ರಾಂಕೋಸ್ ಹುಟ್ಟಿದ ದಿನದಿಂದ ಅವರೇ ಕೋಚ್. ಆರು ಪ್ರೀಮಿಯರ್‌ಶಿಪ್. 2008ರಲ್ಲಿ ಮೊದಲ ಸಲ ಬಿಟ್ಟರು. ಸೇಂಟ್ ಜಾರ್ಜ್ ಇಲ್ಲವಾರಾಗೆ ಹೋಗುತ್ತಾರೆ ಅಂತ ಎಲ್ಲರಿಗೂ ಮೊದಲೇ ಗೊತ್ತಿತ್ತು. ಕೊನೆಯ ಪಂದ್ಯ ಸಂಕಟದ್ದು. ತಮ್ಮದೇ ಮೈದಾನದಲ್ಲಿ, ಮೆಲ್ಬರ್ನ್ ವಿರುದ್ಧ, ಮುಗಿಯಲು ಒಂದು ನಿಮಿಷವೂ ಇಲ್ಲದಾಗ ಮೆಲ್ಬರ್ನ್‌ನ ಗ್ರೆಗ್ ಇಂಗ್ಲಿಸ್ ಟ್ರೈ ಹೊಡೆದ, ಅಂದರೆ ಚೆಂಡನ್ನು ಎದುರಾಳಿಯ ಗೆರೆಯಾಚೆ ನೆಲಕ್ಕೆ ಒತ್ತಿದ. 16–14. ಆದರೂ ಆ ವಿದಾಯದಲ್ಲಿ ಕಹಿ ಇರಲಿಲ್ಲ. ಕೊಡಬೇಕಾದ್ದನ್ನೆಲ್ಲ ಕೊಟ್ಟು ಎದ್ದ ಮನುಷ್ಯ. ಅವರ ಮೇಲೆ ಯಾರದೂ ಏನೂ ಬಾಕಿ ಇರಲಿಲ್ಲ.

ಎರಡನೇ ಸಲ ಹಾಗಾಗಲಿಲ್ಲ. 2015ರಲ್ಲಿ ವಾಪಸ್ ಬಂದರು. ಅದೇ ವರ್ಷ ಗ್ರ್ಯಾಂಡ್ ಫೈನಲ್‌ನಲ್ಲಿ ನಾರ್ತ್ ಕ್ವೀನ್ಸ್‌ಲ್ಯಾಂಡ್ ವಿರುದ್ಧ ಹೆಚ್ಚುವರಿ ಸಮಯದಲ್ಲಿ ಒಂದೇ ಪಾಯಿಂಟಿನಿಂದ ಸೋತರು. ಆಮೇಲೆ ಕಪ್ ಬರಲಿಲ್ಲ. 2018ರ ಕೊನೆಗೆ ನಡೆದಿದ್ದು ಒಂದು ವಿಚಿತ್ರ ಅದಲು ಬದಲು. ಸೌತ್ ಸಿಡ್ನಿಯ ಕೋಚ್ ಆಂಥನಿ ಸೀಬೋಲ್ಡ್ 2020ರಿಂದ ಬ್ರಾಂಕೋಸ್‌ಗೆ, ಬೆನೆಟ್ 2020ರಿಂದ ಸೌತ್ ಸಿಡ್ನಿಗೆ. ಅಂದರೆ 2019 ಪೂರ್ತಿ ಇಬ್ಬರೂ ತಾವು ಸೇರಲಿರುವ ಕ್ಲಬ್ಬಿನ ವಿರುದ್ಧವೇ ತಂಡ ಕಟ್ಟಬೇಕಿತ್ತು! ಇಂಥ ಒಪ್ಪಂದ ಯಾರ ತಲೆಗೆ ಹೊಳೆಯಿತೋ. ಡಿಸೆಂಬರ್‌ನಲ್ಲಿ ಬ್ರಾಂಕೋಸ್ ಬೆನೆಟ್ ಅವರನ್ನು ತೆಗೆದುಹಾಕಿತು, ಅದಲು ಬದಲು ಒಂದು ವರ್ಷ ಮುಂಚೆಯೇ ಆಯಿತು.

ಅಭಿಮಾನಿಗಳು ಎರಡು ಹೋಳಾದರು. ಮುದುಕನ ಕಾಲ ಮುಗೀತು, ಹೊಸ ತಲೆ ಬರಲಿ ಅನ್ನುವವರು ಒಂದು ಕಡೆ. ಕ್ಲಬ್ ಕಟ್ಟಿದವನನ್ನು ಹೀಗೆ ಕಳಿಸುತ್ತೀರಾ ಅನ್ನುವವರು ಇನ್ನೊಂದು ಕಡೆ. 2019ರ ಫೈನಲ್ಸ್‌ನಲ್ಲಿ ಪ್ಯಾರಮ್ಯಾಟ ಬ್ರಾಂಕೋಸ್‌ಗೆ 58–0 ಬಾರಿಸಿತು. 2020ರ ಆಗಸ್ಟ್‌ನಲ್ಲಿ ಸೀಬೋಲ್ಡ್ ಹೊರಟರು. ಆ ವರ್ಷ ಕ್ಲಬ್ಬಿನ ಇತಿಹಾಸದಲ್ಲೇ ಮೊದಲ ಸಲ ಕೊನೇ ಸ್ಥಾನ. ‘ಹೊಸ ತಲೆ’ ಪಂಗಡ ಆಮೇಲೆ ಜಾಸ್ತಿ ಮಾತಾಡಲಿಲ್ಲ. ಆದರೆ ಒಂದನ್ನು ಗಮನಿಸಿ. ಇಲ್ಲಿ ಬೈಗುಳ ತಿಂದಿದ್ದು ಹೋದ ಕೋಚ್ ಅಲ್ಲ, ಕ್ಲಬ್ಬಿನ ಆಡಳಿತ. ಬಾಗಿಲು ತೆರೆದು ಹೊರಗೆ ಹಾಕಿದವರ ಹತ್ತಿರ ವಸೂಲಿಗೆ ಜನ ಹೋದರು.

ಆಡಳಿತದವರ ಬಗ್ಗೆ ಒಂದು ಮಾತು. ಕ್ಲಬ್ ಅಧ್ಯಕ್ಷರು ಮೈಕ್ ಮುಂದೆ ಬಂದು ‘ಕೋಚ್ ಮೇಲೆ ನಮಗೆ ಪೂರ್ಣ ವಿಶ್ವಾಸವಿದೆ’ ಅಂದರೆ ಅಭಿಮಾನಿ ದಿನ ಎಣಿಸಲು ಶುರು ಮಾಡುತ್ತಾನೆ. ಮುಖ್ಯಮಂತ್ರಿ ಬದಲಾವಣೆ ಇಲ್ಲ ಅಂತ ಹೈಕಮಾಂಡ್ ಹೇಳಿದ ದಿನ ನಮ್ಮ ಕಡೆಯವರು ಏನು ಮಾಡುತ್ತಾರೋ ಅದೇ.

ಡೆಸ್ ಹ್ಯಾಸ್ಲರ್ ಕಥೆ ಚಿಕ್ಕದು. 2011ರಲ್ಲಿ ಮ್ಯಾನ್ಲಿಗೆ ಪ್ರೀಮಿಯರ್‌ಶಿಪ್ ಗೆದ್ದುಕೊಟ್ಟರು. ಸೋತವರು ನ್ಯೂಜಿಲೆಂಡ್ ವಾರಿಯರ್ಸ್, ಅವರ ಕೋಚ್ ಆಗ ಇದೇ ಐವನ್ ಕ್ಲೀರಿ. ಕೆಲವೇ ವಾರದಲ್ಲಿ ಹ್ಯಾಸ್ಲರ್ ಬುಲ್‌ಡಾಗ್ಸ್ ಜೊತೆ ಸಹಿ ಹಾಕಿದ್ದಾರೆ ಅಂತ ಬಯಲಾಯಿತು, ಮ್ಯಾನ್ಲಿ ಅವರನ್ನು ವಜಾ ಮಾಡಿತು. ಕಪ್ ತಂದ ವರ್ಷವೇ! ಕಪ್ ಗೆದ್ದರೂ ಗುಟ್ಟಾಗಿ ಹೊರಟರೆ ಜನ ಕ್ಷಮಿಸಲ್ಲ ಅನ್ನಲು ಇದಕ್ಕಿಂತ ಬೇರೆ ಉದಾಹರಣೆ ಬೇಡ. ಕೆಲವರು ಕ್ಷಮಿಸಿದರು ಕೂಡ. ಅವರು ಮುಂದೆ ಮ್ಯಾನ್ಲಿಗೇ ಕೋಚ್ ಆಗಿ ವಾಪಸ್ ಬಂದರು, 2022ರಲ್ಲಿ ಮತ್ತೆ ವಜಾ ಆದರು. ಆ ಕ್ಲಬ್ಬಿಗೂ ಅವರಿಗೂ ಇರುವ ಋಣ ಅಂಥದ್ದು.

ಇನ್ನು ಆಟ ಹುಟ್ಟಿದ ನಾಡಿಗೆ, ಇಂಗ್ಲೆಂಡಿಗೆ ಹೋಗೋಣ. ಸೇಂಟ್ ಹೆಲೆನ್ಸ್ ಗಾಜಿನ ಕಾರ್ಖಾನೆಗಳ ಊರು. ಅವರ ಕೋಚ್ ಜಸ್ಟಿನ್ ಹೋಲ್‌ಬ್ರುಕ್, ಆಸ್ಟ್ರೇಲಿಯಾದವರು. 2019ರ ಸೀಸನ್ ನಡುವೆಯೇ ತಾನು ಗೋಲ್ಡ್ ಕೋಸ್ಟ್ ಟೈಟನ್ಸ್‌ಗೆ ಹೋಗುವುದನ್ನು ಬಹಿರಂಗವಾಗಿ ಹೇಳಿದರು. ಆಗಸ್ಟ್‌ನಲ್ಲಿ ಅಲ್ಲಿನ ನಾಕೌಟ್ ಟೂರ್ನಿಯಾದ ಚಾಲೆಂಜ್ ಕಪ್‌ನ ಫೈನಲ್ ಸೋತರು. ಅಲ್ಲೇ ಎಲ್ಲ ಹಾಳಾಗಬಹುದಿತ್ತು, ಇವನ ಮನಸ್ಸು ಆಗಲೇ ಅಲ್ಲಿದೆ ಅನ್ನುವ ಮಾತು ಬರಲು ಎಷ್ಟು ಹೊತ್ತು? ಅಕ್ಟೋಬರ್‌ನಲ್ಲಿ ಓಲ್ಡ್ ಟ್ರಾಫರ್ಡ್‌ನಲ್ಲಿ ಸಾಲ್ಫರ್ಡ್ ವಿರುದ್ಧ ಗ್ರ್ಯಾಂಡ್ ಫೈನಲ್ 23–6 ಗೆದ್ದು ಕಪ್ ಕೈಗಿಟ್ಟು ಹೋದರು. ಅವರ ನಂತರ ಬಂದ ಕ್ರಿಸ್ಟಿಯನ್ ವೂಲ್ಫ್ ಮೂರು ವರ್ಷ ಇದ್ದರು, ಮೂರೂ ವರ್ಷ ಗೆದ್ದರು, 2022ರಲ್ಲಿ ಗೆದ್ದೇ ಹೊರಟರು. ಸಾಲ ತೀರಿಸಿ ಹೋಗುವವರಿಗೆ ಊರು ಬಾಗಿಲ ತನಕ ಬಂದು ಕಳಿಸಿಕೊಡುತ್ತದೆ.

ಲೀಡ್ಸ್ ಮಾತ್ರ ನನ್ನ ಈ ಲೆಕ್ಕಕ್ಕೆ ಸುಲಭವಾಗಿ ಸಿಗುವುದಿಲ್ಲ. ಅದಕ್ಕೇ ಅದನ್ನು ಕೊನೆಗೆ ಇಟ್ಟುಕೊಂಡೆ. ಬ್ರಯಾನ್ ಮೆಕ್‌ಡರ್ಮಟ್ 2011ರಿಂದ ಕೋಚ್. 2011, 2012, 2015, 2017, ನಾಲ್ಕು ಗ್ರ್ಯಾಂಡ್ ಫೈನಲ್ ಗೆಲುವು, ಜೊತೆಗೆ ಎರಡು ಚಾಲೆಂಜ್ ಕಪ್. ಇವರು ತೀರಿಸದ ಸಾಲ ಯಾವುದು? ಆದರೂ ಲೀಡ್ಸ್ ಮೈದಾನ ಹೆಡಿಂಗ್ಲಿಯಲ್ಲಿ ಗೊಣಗಾಟ ನಿಂತಿರಲಿಲ್ಲ. 2011ರಲ್ಲೂ 2012ರಲ್ಲೂ ಪಟ್ಟಿಯಲ್ಲಿ ಐದನೇ ಸ್ಥಾನದಿಂದ ಮೇಲೆ ಬಂದು ಗೆದ್ದಿದ್ದರು. ಗೆದ್ದಿದ್ದು ಕೆವಿನ್ ಸಿನ್‌ಫೀಲ್ಡ್, ರಾಬ್ ಬರೋ, ಡ್ಯಾನಿ ಮೆಗ್ವಾಯರ್ ಅಂಥವರು, ಕೋಚ್ ಸುಮ್ನೆ ಕೂತಿದ್ದ ಅನ್ನುವವರಿದ್ದರು. 2015ರ ಕ್ರಿಸ್‌ಮಸ್ ಮರುದಿನ ಏರ್ ನದಿ ಉಕ್ಕಿ ಕರ್ಕ್‌ಸ್ಟಾಲ್‌ನಲ್ಲಿದ್ದ ತರಬೇತಿ ಮೈದಾನ ಮುಳುಗಿತು. ಆಮೇಲಿನ ಸೀಸನ್‌ನಲ್ಲಿ ತಂಡ ಕೆಳಗಿನ ಗುಂಪಿಗೆ ಬಿದ್ದು, ಡಿವಿಷನ್ ಉಳಿಸಿಕೊಳ್ಳಲು ಆಡಬೇಕಾಯಿತು. ಮರುವರ್ಷ ಮತ್ತೆ ಚಾಂಪಿಯನ್. ಅದಾದ ಒಂಬತ್ತು ತಿಂಗಳಿಗೆ, 2018ರ ಜುಲೈನಲ್ಲಿ, ಸತತ ಸೋಲಿನ ನಂತರ ವಜಾ.

ಇಲ್ಲಿ ನನಗೆ ತೋಚುವುದು ಹೀಗೆ. ಸಾಲ ಅಂದೆನಲ್ಲ, ಅದರ ಪುಸ್ತಕ ಇರುವುದು ಅಭಿಮಾನಿಯ ಕೈಯಲ್ಲಿ. ಜಮಾ ಯಾರ ಹೆಸರಿಗೆ ಬರೆಯಬೇಕು ಅಂತ ತೀರ್ಮಾನ ಮಾಡುವವನೂ ಅವನೇ. ಗೆಲುವನ್ನೆಲ್ಲ ಆಟಗಾರರ ಖಾತೆಗೆ, ಸೋಲನ್ನೆಲ್ಲ ಕೋಚ್ ಖಾತೆಗೆ ಬರೆದುಬಿಟ್ಟರೆ ನಾಲ್ಕಲ್ಲ, ಹತ್ತು ಕಪ್ ಗೆದ್ದರೂ ಮನುಷ್ಯ ಸಾಲಗಾರನೇ. ಅಭಿಮಾನಿಗಳ ಪರ ಓಟು ಹಾಕಿದ ನಾನೇ ಇದನ್ನೂ ಹೇಳಬೇಕಲ್ಲ: ಈ ಪುಸ್ತಕ ಬರೆಯುವುದರಲ್ಲಿ ನಾವು ಯಾವತ್ತೂ ನ್ಯಾಯವಾಗಿ ಇರುವುದಿಲ್ಲ.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಕೊಡುತ್ತೇನೆ.

ಹಿರಿಯರೊಬ್ಬರು ಕೇಳಿದರು: ‘ಕೋಚ್ ಹೋದ ಅಂತ ಟೀಮೇ ಬದಲಾಯಿಸಿದವರು ಇದ್ದಾರೇನ್ರೀ?’

ನಾನು ಕಂಡ ಹಾಗೆ ಇಲ್ಲ ಸಾರ್. ಬೆನೆಟ್ ಹಿಂದೆ ಹೋಗಿದ್ದರೆ ಆ ಅಭಿಮಾನಿ ಬ್ರಿಸ್ಬೇನ್, ಸೇಂಟ್ ಜಾರ್ಜ್, ನ್ಯೂಕ್ಯಾಸಲ್, ಮತ್ತೆ ಬ್ರಿಸ್ಬೇನ್, ಸೌತ್ ಸಿಡ್ನಿ, ಡಾಲ್ಫಿನ್ಸ್, ಮತ್ತೆ ಸೌತ್ ಸಿಡ್ನಿ ಅಂತ ಸುತ್ತಬೇಕಿತ್ತು. ಜೆರ್ಸಿ ಕೊಳ್ಳುವ ಖರ್ಚೇ ಜಾಸ್ತಿಯಾಗುತ್ತಿತ್ತು. ಜನ ಬೈಯುತ್ತಾರೆ, ಮೆಂಬರ್‌ಶಿಪ್ ಹಣ ಕಟ್ಟಲ್ಲ ಅನ್ನುತ್ತಾರೆ, ಮಾರ್ಚ್‌ನಲ್ಲಿ ಹೋಗಿ ಕಟ್ಟುತ್ತಾರೆ.

ಪ್ಯಾಂಥರ್ಸ್ ಟೋಪಿ ಹಾಕಿದ್ದ ಹುಡುಗನೊಬ್ಬ ಎದ್ದ: ‘ಅಂಕಲ್, ಐವನ್ ಕ್ಲೀರಿ ಪೆನ್ರಿತ್ ಬಿಟ್ಟು ಹೋದರೆ ನಾವು ಬೈಯಬೇಕಾ?’

ನಾಲ್ಕು ಕಪ್ ಕೊಟ್ಟಿದ್ದಾರಪ್ಪ, ನೀನು ಬೈದರೆ ತಪ್ಪಾಗುತ್ತದೆ. ಆದರೆ 2023ರ ಫೆಬ್ರವರಿಯಲ್ಲಿ ಇದೇ ಪೆನ್ರಿತ್ ಮೈದಾನಕ್ಕೆ ಸೇಂಟ್ ಹೆಲೆನ್ಸ್ ಬಂದು, ಹೆಚ್ಚುವರಿ ಸಮಯದಲ್ಲಿ ಒಂದು ಡ್ರಾಪ್ ಗೋಲ್ (ಆಟದ ನಡುವೆಯೇ ಚೆಂಡನ್ನು ಕಂಬಗಳ ನಡುವೆ ಒದೆಯುವುದು) ಹೊಡೆದು, 13–12 ಗೆದ್ದು, ಎರಡೂ ದೇಶದ ಚಾಂಪಿಯನ್‌ಗಳು ಆಡುವ ವರ್ಲ್ಡ್ ಕ್ಲಬ್ ಚಾಲೆಂಜ್ ಕಪ್ ತಗೊಂಡು ಹೋಯಿತಲ್ಲ, ಅದಕ್ಕೆ ಬೇಕಾದರೆ ಬೈಯಿ ಅಂದೆ. ಹುಡುಗನಿಗೆ ಅದು ನೆನಪಿತ್ತು. ಗೋಲ್ ಹೊಡೆದವನು ಲೂಯಿಸ್ ಡಾಡ್ ಅಂತ ನನಗಿಂತ ಮುಂಚೆ ಅವನೇ ಹೇಳಿದ.